ಬಜೆಟ್ ಮೀರಿದಾಗ ದುಡ್ಡು ಹುಡುಕೋ ಮೊದಲು ಲೆಕ್ಕ ಬಿಡಿಸಿ

ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು ವೆಚ್ಚ 6,395 ಕೋಟಿ ರೂಪಾಯಿ. 2017ರ ಜೂನ್‌ನಲ್ಲಿ ಅದು ಪೂರ್ತಿಯಾಗಿ ಓಡಲು ಶುರುವಾಗುವ ಹೊತ್ತಿಗೆ ಲೆಕ್ಕ 13,845 ಕೋಟಿಗೆ ಬಂದು ನಿಂತಿತ್ತು. ದುಡ್ಡೆಲ್ಲ ಎಲ್ಲಿಗೆ ಹೋಯ್ತು ಅಂತ ಜನ ಕೇಳೋದು ಸಹಜ. ಅದೇ ಸರಿಯಾದ ಪ್ರಶ್ನೆ ಕೂಡ. ಆದರೆ ಯೋಜನೆ ಯಾವುದೇ ಇರಲಿ, ಇದನ್ನು ಮೊದಲು ಕೇಳಬೇಕಾದ ಪ್ರೋಗ್ರಾಂ ಮ್ಯಾನೇಜರ್ ಹೆಚ್ಚಿನ ಸಲ ಕೇಳೋದೇ ಬೇರೆ: ಇನ್ನಷ್ಟು ದುಡ್ಡು ಎಲ್ಲಿಂದ ತರೋಣ?

ಮೆಟ್ರೊ ಲೆಕ್ಕವನ್ನೇ ಬಿಡಿಸಿ ನೋಡಿ. ಮೊದಲ ಅಂದಾಜು ಇದ್ದದ್ದು 33 ಕಿ.ಮೀ.ಗೆ. ಆಮೇಲೆ ಮಾರ್ಗ 42.3 ಕಿ.ಮೀ. ಆಯ್ತು. ಹಳೆಯ ದರದಲ್ಲಿ ಕಿ.ಮೀ.ಗೆ ಸುಮಾರು 194 ಕೋಟಿ, ಹೆಚ್ಚುವರಿ 9.3 ಕಿ.ಮೀ.ಗೆ 1,800 ಕೋಟಿ. ಒಟ್ಟು ಏರಿಕೆ 7,450 ಕೋಟಿ. ಅಂದರೆ 'ಮಾರ್ಗ ಉದ್ದ ಆಯ್ತಲ್ಲ' ಅನ್ನೋ ಉತ್ತರ ಏರಿಕೆಯ ಕಾಲು ಭಾಗವನ್ನಷ್ಟೇ ವಿವರಿಸುತ್ತೆ. ಇದು ಒರಟು ಲೆಕ್ಕ, ಒಪ್ತೀನಿ. ಆದರೂ ಮಿಕ್ಕ 5,650 ಕೋಟಿಗೆ ಬೇರೆ ಕಾರಣ ಹುಡುಕಬೇಕು ಅನ್ನೋದಂತೂ ಗೊತ್ತಾಗುತ್ತೆ.

ಹೀಗೆ ಬಿಡಿಸಲೇಬೇಕು, ಯಾಕಂದ್ರೆ ಒಂದೊಂದು ಕಾರಣಕ್ಕೆ ಒಂದೊಂದು ಮದ್ದು. ಕೆಲಸ ಹೆಚ್ಚಾಗಿದ್ದರೆ, ಹೆಚ್ಚಿಸಿ ಅಂದವರು ಯಾರು, ಖರ್ಚು ನೋಡಿ ಸಹಿ ಹಾಕಿದ್ದಾರಾ? ಕಬ್ಬಿಣ, ಸಿಮೆಂಟ್ ದರ ಏರಿದ್ದರೆ ಗುತ್ತಿಗೆ ಕರಾರು ಏನು ಹೇಳುತ್ತೆ? ನೆಲದಡಿಯ ಕೆಲಸದ ಕಥೆಯೇ ಬೇರೆ. ಗೋದಾವರಿ ಅನ್ನೋ ಸುರಂಗ ಕೊರೆಯುವ ಯಂತ್ರ ಮೆಜೆಸ್ಟಿಕ್ ಕಡೆ ಗಟ್ಟಿ ಬಂಡೆಗೆ ಸಿಕ್ಕಿ ತಿಂಗಳುಗಟ್ಟಲೆ ನಿಂತುಬಿಟ್ಟಿತ್ತು. ಇಂಥದ್ದಕ್ಕೆ ಅಂತಲೇ ಮೊದಲೇ ಒಂದಿಷ್ಟು ಹಣ ತೆಗೆದಿಡಬೇಕು. ಆ ಹಣವನ್ನು ಸ್ಟೇಷನ್ನಿನ ಗ್ರಾನೈಟಿಗೆ ಖರ್ಚು ಮಾಡಬಾರದು.

ಎರಡನೇ ಕೆಲಸ, ಮುಂದಿನ ಲೆಕ್ಕ. 100 ಕೋಟಿಯ ಕೆಲಸ ಅಂತಿಟ್ಟುಕೊಳ್ಳಿ. 60 ಕೋಟಿ ಖರ್ಚಾಗಿದೆ, ಕೆಲಸ ಮುಗಿದಿರೋದು ಶೇ 45. ಇದೇ ಗತಿಯಲ್ಲಿ ಹೋದರೆ ಕೊನೆಗೆ ಬೀಳೋದು 133 ಕೋಟಿ. 'ಉಳಿದ ಕೆಲಸದಲ್ಲಿ ಸರಿದೂಗಿಸ್ತೀವಿ ಸಾರ್' ಅನ್ನೋರಿಗೆ ಒಂದೇ ಪ್ರಶ್ನೆ ಕೇಳಿ: ಇನ್ನುಳಿದ 55 ಭಾಗವನ್ನು 40 ಕೋಟಿಯಲ್ಲಿ ಮುಗಿಸೋಕೆ ನಾಳೆಯಿಂದ ಏನು ಬದಲಾಗುತ್ತೆ? ಉತ್ತರ ಇಲ್ಲದಿದ್ದರೆ 133 ಅಂತಲೇ ಬರೆದು ಮೇಲಕ್ಕೆ ಕಳಿಸಬೇಕು, ಅದೂ ಅದೇ ವಾರ. ಇನ್ನೂ 73 ಕೋಟಿ ಸುರಿಯೋದು ಲಾಭವಾ, ಇಲ್ಲಾ ಕೆಲಸವನ್ನೇ ಚಿಕ್ಕದು ಮಾಡೋಣವಾ ಅಂತ ಮೇಲಿನವರು ತೀರ್ಮಾನಿಸಲಿ. ಆಗಲೇ ಖರ್ಚಾದ 60 ಕೋಟಿ ಈ ಮಾತಿನೊಳಗೆ ಬರಲೇಬಾರದು.

ಕತ್ತರಿ ಹಾಕುವಾಗಲೂ ಎಚ್ಚರ ಬೇಕು. ಮೊದಲು ಕತ್ತರಿಗೆ ಸಿಗೋದು ಯಾವಾಗಲೂ ಟೆಸ್ಟಿಂಗ್ ಮತ್ತು ತಪಾಸಣೆ, ಯಾಕಂದ್ರೆ ಅದು ಯಾರ ಕಣ್ಣಿಗೂ ಕಾಣಲ್ಲ. ನಾನು ಎಂಜಿನಿಯರ್ ಆಗಿದ್ದಾಗ ಒಂದು ಪ್ರಾಜೆಕ್ಟಿನಲ್ಲಿ ಹೀಗೇ ಟೆಸ್ಟಿಂಗ್ ದಿನಗಳನ್ನು ಅರ್ಧ ಮಾಡಿದ್ದರು. ಎಕ್ಸೆಲ್ ಶೀಟಿನಲ್ಲಿ ಆ ಸಾಲಿಗೆ ಹಸಿರು ಬಣ್ಣ ಹಚ್ಚಿದವನು ನಾನೇ. ಉಳಿಸಿದ ದುಡ್ಡಿಗಿಂತ ಜಾಸ್ತಿ, ಆಮೇಲೆ ರಿಪೇರಿಗೆ ಹೋಯ್ತು.