ಕಪ್ಪು ಅಜ್ಜಿ, ಯಹೂದಿ ಮುತ್ತಾತ: ವಂಶ ಹುಡುಕುವ ದಾರಿಯ ತಪ್ಪು ಕಲ್ಪನೆಗಳು

ಅಲೆಕ್ಸ್ ಹೇಲಿಯ ‘ರೂಟ್ಸ್’ 1976ರಲ್ಲಿ ಬಂದ ಮೇಲೆ ಆಫ್ರಿಕನ್ ಅಮೆರಿಕನ್ನರಲ್ಲಿ ವಂಶದ ಬೇರು ಹುಡುಕುವ ಉತ್ಸಾಹ ಮನೆಮನೆಗೂ ಹಬ್ಬಿತು. ಆ ಕಥೆಯನ್ನು ಕನ್ನಡದಲ್ಲಿ ಓದಿದವರೂ ನಮ್ಮಲ್ಲಿದ್ದಾರೆ. ಆದರೆ ಒಂದು ಬೇರು ಆಫ್ರಿಕಾದ ಕಡೆಗೂ ಇನ್ನೊಂದು ಪೋಲೆಂಡ್, ಜರ್ಮನಿ ಅಥವಾ ಪೋರ್ಚುಗಲ್‌ನ ಯಹೂದಿ ಕೇರಿಗಳ ಕಡೆಗೂ ಇಳಿಯುವ ಕುಟುಂಬಗಳು ಅಮೆರಿಕದಲ್ಲಿ ಹಿಂದಿನಿಂದಲೂ ಇವೆ. ಇವರ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದ ಕೆಲವು ಮಾತುಗಳು ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ತಲೆ ಎತ್ತುತ್ತವೆ. ಒಂದೊಂದಾಗಿ ಎತ್ತಿಕೊಳ್ಳೋಣ.

ತಪ್ಪು ಕಲ್ಪನೆ 1: ಕಪ್ಪು ಜನರಿಗೂ ಯಹೂದಿಗಳಿಗೂ ನಂಟು ಬೆಳೆದದ್ದು 1960ರ ದಶಕದ ನಾಗರಿಕ ಹಕ್ಕು ಚಳವಳಿಯಲ್ಲಿ. ಅದಕ್ಕೂ ಮೊದಲು ಕಾನೂನೇ ಅಡ್ಡ ಇದ್ದುದರಿಂದ ಹಿಂದಕ್ಕೆ ಹುಡುಕಿ ಪ್ರಯೋಜನವಿಲ್ಲ.

ವಾಸ್ತವ: ಕಾನೂನು ಅಡ್ಡ ಇದ್ದದ್ದು ಹಲವು ರಾಜ್ಯಗಳಲ್ಲಿ, ಎಲ್ಲೆಡೆಯೂ ಅಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ಲವಿಂಗ್ ಪ್ರಕರಣದಲ್ಲಿ ಇಂಥ ಕಾನೂನುಗಳನ್ನು ರದ್ದು ಮಾಡಿದಾಗ 16 ರಾಜ್ಯಗಳಲ್ಲಿ ಬಿಳಿಯರು–ಕಪ್ಪು ಜನರ ಮದುವೆಗೆ ನಿಷೇಧವಿತ್ತು, ನಿಜ. ಆದರೆ ನ್ಯೂಯಾರ್ಕ್ ರಾಜ್ಯದಲ್ಲಿ ಅಂಥ ಕಾನೂನು ಇರಲೇ ಇಲ್ಲ. ಪೆನ್ಸಿಲ್ವೇನಿಯಾ 1780ರಲ್ಲೇ, ಮ್ಯಾಸಚೂಸೆಟ್ಸ್ 1843ರಲ್ಲೇ ಅದನ್ನು ಕೈಬಿಟ್ಟಿದ್ದವು. ಲೇಖಕ ಜೇಮ್ಸ್ ಮೆಕ್‌ಬ್ರೈಡ್ ಅವರ ತಾಯಿ ರೂತ್ ಪೋಲೆಂಡಿನಲ್ಲಿ ಹುಟ್ಟಿ ವರ್ಜೀನಿಯಾದಲ್ಲಿ ಬೆಳೆದ ರಬ್ಬಿಯ (ಯಹೂದಿ ಧರ್ಮಗುರುವಿನ) ಮಗಳು. ಅವರು ಕಪ್ಪು ಜನಾಂಗದ ಆಂಡ್ರೂ ಮೆಕ್‌ಬ್ರೈಡ್ ಅವರನ್ನು ಮದುವೆಯಾದದ್ದು 1942ರಲ್ಲಿ, ನ್ಯೂಯಾರ್ಕಿನಲ್ಲಿ. ತವರಿನವರು ಮಗಳು ಸತ್ತಳೆಂದೇ ಸೂತಕ ಆಚರಿಸಿದರು. ಮಗ ಬರೆದ ‘ದ ಕಲರ್ ಆಫ್ ವಾಟರ್’ ಪುಸ್ತಕದಿಂದ ಈ ಸಂಗತಿ ಲೋಕಕ್ಕೆ ತಿಳಿಯಿತು.

ಇನ್ನೂ ಹಿಂದಕ್ಕೆ ಹೋಗಬಹುದು. ಡಚ್ಚರ ಸುರಿನಾಮ್‌ನಲ್ಲಿ ಮಿಶ್ರ ಸಂತತಿಯ ಯಹೂದಿಗಳು 1759ರಲ್ಲಿಯೇ ತಮ್ಮದೊಂದು ಧಾರ್ಮಿಕ ಸಂಘ ಕಟ್ಟಿಕೊಂಡಿದ್ದರು. ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಗುಲಾಮರಾಗಿ ಹುಟ್ಟಿದ ಸಾರಾ ಮತ್ತು ಐಸಾಕ್ ಬ್ರ್ಯಾಂಡನ್ ಎಂಬ ಒಡಹುಟ್ಟಿದವರ ತಂದೆ ಅಲ್ಲಿಯ ಸಿರಿವಂತ ಯಹೂದಿ. ಇಬ್ಬರೂ ಬಿಡುಗಡೆ ಪಡೆದು, ಸುರಿನಾಮ್‌ಗೆ ಹೋಗಿ ವಿಧಿವತ್ತಾಗಿ ಯಹೂದಿ ಧರ್ಮ ಸೇರಿ, ಕೊನೆಗೆ ನ್ಯೂಯಾರ್ಕಿನ ಪ್ರತಿಷ್ಠಿತ ಯಹೂದಿ ಸಮಾಜದಲ್ಲಿ ಬೆರೆತುಹೋದರು. ಅವರ ವಂಶದ ಬ್ಲಾಂಚ್ ಮೋಸೆಸ್ ಎಂಬಾಕೆ ಮನೆತನದ ಕಾಗದಪತ್ರಗಳನ್ನೂ ದಂತದ ಬಿಲ್ಲೆಯ ಮೇಲೆ ಬರೆದ ಆ ಇಬ್ಬರ ಪುಟ್ಟ ಚಿತ್ರಗಳನ್ನೂ ಜೋಪಾನ ಮಾಡಿದ್ದಳು. ತನ್ನ ಹಿರಿಯರು ಸೆಫಾರ್ಡಿ (ಸ್ಪೇನ್–ಪೋರ್ಚುಗಲ್ ಮೂಲದ ಯಹೂದಿ) ಕುಲೀನರು ಎಂದೇ ಅವಳು ತಿಳಿದಿದ್ದಳು. ಲಾರಾ ಲೀಬ್ಮನ್ ಎಂಬ ವಿದ್ವಾಂಸೆ 2021ರ ತಮ್ಮ ಪುಸ್ತಕದಲ್ಲಿ ಪೂರ್ತಿ ಕಥೆ ಬಿಡಿಸಿಟ್ಟರು. ಚಿತ್ರ ಕಣ್ಣೆದುರೇ ಇತ್ತು, ಊಹೆ ಬೇರೆಯೇ ಇತ್ತು.

ತಪ್ಪು ಕಲ್ಪನೆ 2: ಕಪ್ಪು ಕುಟುಂಬಕ್ಕೆ ಯಹೂದಿ ಅಡ್ಡಹೆಸರಿದ್ದರೆ ಯಹೂದಿ ರಕ್ತ ಇದ್ದೇ ಇರುತ್ತದೆ.

ವಾಸ್ತವ: ಅಡ್ಡಹೆಸರು ಸುಳಿವು ಮಾತ್ರ, ಸಾಕ್ಷಿಯಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರಲ್ಲಿ ಕೆಲವರು ಕೊನೆಯ ಒಡೆಯನ ಹೆಸರನ್ನು ಉಳಿಸಿಕೊಂಡರು, ಕೆಲವರು ಹಿಂದಿನ ಒಡೆಯನದನ್ನು, ಇನ್ನು ಕೆಲವರು ತಮಗೆ ಇಷ್ಟ ಬಂದದ್ದನ್ನು. ಅದೂ ಅಲ್ಲದೆ ನಾವು ಯಹೂದಿ ಹೆಸರು ಎಂದುಕೊಳ್ಳುವ ಎಷ್ಟೋ ಹೆಸರುಗಳು ಜರ್ಮನ್ ಕ್ರೈಸ್ತರಲ್ಲೂ ಇವೆ.

ಹೆಸರು ನಿಜ ಹೇಳುವುದೂ ಉಂಟು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 1836ರಲ್ಲಿ ಹುಟ್ಟಿದ ಫ್ರಾನ್ಸಿಸ್ ಕಾರ್ಡೋಜೊ ಅವರ ತಾಯಿ ಲಿಡಿಯಾ ವೆಸ್ಟನ್ ಗುಲಾಮಳಲ್ಲದ ಮಿಶ್ರ ವರ್ಣದ ಮಹಿಳೆ, ತಂದೆ ಸುಂಕದ ಕಚೇರಿಯ ಯಹೂದಿ ನೌಕರ ಐಸಾಕ್ ಕಾರ್ಡೋಜೊ. ಮಗ ಗ್ಲಾಸ್ಗೊದಲ್ಲಿ ಓದಿ ಬಂದು 1868ರಲ್ಲಿ ದಕ್ಷಿಣ ಕೆರೊಲಿನಾದ ರಾಜ್ಯ ಕಾರ್ಯದರ್ಶಿಯಾದರು. ಅಮೆರಿಕದಲ್ಲಿ ಇಡೀ ರಾಜ್ಯದ ಮತದಿಂದ ಇಂಥ ಹುದ್ದೆಗೆ ಆಯ್ಕೆಯಾದ ಮೊದಲ ಕಪ್ಪು ವ್ಯಕ್ತಿ ಅವರೇ. ಆದರೂ ಹಳೆಯ ಕೆಲವು ಬರಹಗಳು ತಂದೆಯ ಜಾಗದಲ್ಲಿ ಐಸಾಕ್‌ನ ಸಹೋದರ, ಅರ್ಥಶಾಸ್ತ್ರಜ್ಞ ಜೇಕಬ್‌ನನ್ನು ಕೂರಿಸಿದ್ದವು. ಮನೆತನ ಸರಿ, ಮನುಷ್ಯ ತಪ್ಪು.

ಹೆಸರು ಏನನ್ನೂ ಹೇಳದಿರುವುದೂ ಉಂಟು. ಲೇಖಕ ಜೂಲಿಯಸ್ ಲೆಸ್ಟರ್ ಮೆಥಡಿಸ್ಟ್ ಪಾದ್ರಿಯ ಮಗ. ಅವರ ತಾಯಿಯ ಕಡೆಯ ಮುತ್ತಾತ ಅಡಾಲ್ಫ್ ಆಲ್ಟ್‌ಶುಲ್ ಜರ್ಮನಿಯಿಂದ ಅರ್ಕನ್ಸಾಸ್‌ಗೆ ಬಂದ ಯಹೂದಿ. ಆತ ಮದುವೆಯಾದದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಮ್ಯಾಗಿ ಕಾರ್ಸನ್‌ಳನ್ನು. ಲೆಸ್ಟರ್ ಎಂಬ ಹೆಸರಲ್ಲಿ ಇದರ ಸುಳಿವೇ ಇಲ್ಲ. ಹೆಣ್ಣುಮಕ್ಕಳ ಕಡೆಯಿಂದ ಹುಡುಕದವರಿಗೆ ಅರ್ಧ ವಂಶ ಕೈತಪ್ಪುವುದು ಹೀಗೆ.

ತಪ್ಪು ಕಲ್ಪನೆ 3: ಗುಲಾಮರ ದಾಖಲೆಗಳೇ ಇಲ್ಲ. 1870ರ ಜನಗಣತಿಗಿಂತ ಹಿಂದೆ ಹೋಗಲು ಸಾಧ್ಯವಿಲ್ಲ.

ವಾಸ್ತವ: ಈ ನಂಬಿಕೆಗೆ ಕಾರಣವಿದೆ. ಬಿಡುಗಡೆಯಾದವರ ಹೆಸರು ಬರೆದುಕೊಂಡ ಮೊದಲ ಕೇಂದ್ರ ಜನಗಣತಿ 1870ರದು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣವಷ್ಟೇ ಕಾಣುತ್ತದೆ. ಎತ್ತೇರಿ ಬಂದು ತಲೆಮಾರುಗಳನ್ನು ಒಪ್ಪಿಸುವ ನಮ್ಮ ಹೆಳವರಂಥವರು ಅಲ್ಲಿಲ್ಲ. ಆ ಕೆಲಸವನ್ನು ಕಾಗದವೇ ಮಾಡಬೇಕು. ಕಾಗದ ಇದೆ, ಹುಡುಕುವ ಜಾಗ ಮಾತ್ರ ಬೇರೆ.

ಬಿಡುಗಡೆಯಾದ ಗುಲಾಮರಿಗಾಗಿ 1865ರಲ್ಲಿ ತೆರೆದು 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕಿನ ಖಾತೆ ಪುಸ್ತಕವನ್ನೇ ನೋಡಿ. ಖಾತೆದಾರನ ಹೆಸರು, ವಯಸ್ಸು, ಹುಟ್ಟಿದ ಊರು, ಬೆಳೆದ ಊರು, ಮೈಬಣ್ಣ, ಕಸುಬು, ಹೆಂಡತಿ, ಮಕ್ಕಳು, ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಆರಂಭದ ಪುಸ್ತಕಗಳಲ್ಲಿ ಹಳೆಯ ಒಡೆಯನ ಮತ್ತು ತೋಟದ ಹೆಸರೂ ಉಂಟು. ಒಡೆಯ ಯಾರೆಂದು ತಿಳಿದರೆ ಅವನ ಉಯಿಲು, ಸತ್ತ ಮೇಲೆ ಮಾಡಿದ ಆಸ್ತಿ ಪಟ್ಟಿ, ಮಾರಾಟ ಪತ್ರಗಳ ಬಾಗಿಲು ತೆರೆಯುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದ ಸುಮಾರು 1,79,000 ಕಪ್ಪು ಸೈನಿಕರಲ್ಲಿ ಅನೇಕರ ಪಿಂಚಣಿ ಕಡತಗಳಿವೆ. ವಿಧವೆ ತನ್ನ ಮದುವೆಯನ್ನು ಸಾಬೀತು ಮಾಡಲು ನೆರೆಹೊರೆಯವರಿಂದ ಕೊಡಿಸಿದ ಹೇಳಿಕೆಗಳೂ ಅವುಗಳಲ್ಲಿ ಸಿಗುತ್ತವೆ. ಹಿಂದೆ ಹೋಗುವುದು ಕಷ್ಟ. ಅಸಾಧ್ಯವಲ್ಲ.

ತಪ್ಪು ಕಲ್ಪನೆ 4: ಯಹೂದಿ ಕಡೆಯ ದಾಖಲೆಗಳನ್ನೆಲ್ಲ ನಾಜಿಗಳು ಸುಟ್ಟುಹಾಕಿದರು.

ವಾಸ್ತವ: ಸುಟ್ಟದ್ದೂ ಉಂಟು, ಉಳಿದದ್ದು ನಾವು ಎಣಿಸಿದ್ದಕ್ಕಿಂತ ಹೆಚ್ಚು. ಜನನ, ಮದುವೆ, ಮರಣಗಳ ನೋಂದಣಿ ಸರ್ಕಾರದ ಕೆಲಸವೂ ಆಗಿತ್ತು, ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ್ದು ಮಾತ್ರವಲ್ಲ. ಪೋಲೆಂಡಿನ ಪತ್ರಾಗಾರಗಳಲ್ಲಿ 1808ರಿಂದೀಚಿನ ಪುಸ್ತಕಗಳು ಸಾಕಷ್ಟು ಉಳಿದಿವೆ. ರಷ್ಯಾದ ಆಳ್ವಿಕೆಯಲ್ಲಿದ್ದ ಭಾಗದಲ್ಲಿ ಅವು 1868ರವರೆಗೆ ಪೋಲಿಷ್ ಭಾಷೆಯಲ್ಲಿವೆ, ಆಮೇಲೆ ರಷ್ಯನ್‌ನಲ್ಲಿ. 1995ರಲ್ಲಿ ಶುರುವಾದ ಜೆಆರ್‌ಐ–ಪೋಲೆಂಡ್ ಸಂಸ್ಥೆ ಇವಕ್ಕೆ ಸೂಚಿ ತಯಾರಿಸುತ್ತಿದೆ.

ನಿಜವಾದ ಗೋಡೆ ಬೇರೆ. ಪೂರ್ವ ಯುರೋಪಿನ ಬಹುಪಾಲು ಯಹೂದಿಗಳಿಗೆ ಕಾಯಂ ಅಡ್ಡಹೆಸರು ಬಂದದ್ದೇ ಸರ್ಕಾರಿ ಆಜ್ಞೆಯಿಂದ: ಆಸ್ಟ್ರಿಯಾದಲ್ಲಿ 1787, ರಷ್ಯಾದಲ್ಲಿ 1804, ಪೋಲೆಂಡಿನಲ್ಲಿ 1821. ಅದಕ್ಕೂ ಹಿಂದೆ ಇಂಥವರ ಮಗ ಇಂಥವನು, ಅಷ್ಟೇ. ಆದ್ದರಿಂದ ಅಮೆರಿಕದ ಸ್ಮಶಾನದಲ್ಲಿರುವ ಹೀಬ್ರೂ ಗೋರಿಕಲ್ಲನ್ನು ಓದದೆ ಬಿಡಬಾರದು. ಇಂಗ್ಲಿಷ್ ಸಾಲಿನಲ್ಲಿ ಸತ್ತವನ ಹೆಸರಷ್ಟೇ ಇರುತ್ತದೆ. ಅದರ ಮೇಲಿನ ಹೀಬ್ರೂ ಸಾಲಿನಲ್ಲಿ ಸಾಮಾನ್ಯವಾಗಿ ಅವನ ತಂದೆಯ ಹೆಸರೂ ಇರುತ್ತದೆ. ಒಂದೇ ಕಲ್ಲು, ಎರಡು ತಲೆಮಾರು.

ತಪ್ಪು ಕಲ್ಪನೆ 5: ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಅಧಿಕಾರಿಗಳು ಬಾಯಿಗೆ ಬಂದಂತೆ ಹೆಸರು ಬದಲಿಸಿದರು, ಹಾಗಾಗಿ ಮೂಲ ಹೆಸರು ಶಾಶ್ವತವಾಗಿ ಹೋಯಿತು.

ವಾಸ್ತವ: ಸಿನಿಮಾಗಳು ನಮ್ಮ ತಲೆಯಲ್ಲಿ ತುಂಬಿದ ಕಥೆ ಇದು. ಎಲ್ಲಿಸ್ ದ್ವೀಪದ ಠಾಣೆ ನಡೆದದ್ದು 1892ರಿಂದ 1954ರವರೆಗೆ; 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಅದನ್ನು ದಾಟಿದರು. ಅಲ್ಲಿಯ ಅಧಿಕಾರಿಗಳು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹ್ಯಾಂಬರ್ಗ್‌ನಲ್ಲೋ ರಾಟರ್‌ಡ್ಯಾಂನಲ್ಲೋ ಹಡಗಿನ ಕಂಪನಿ ತಯಾರಿಸಿದ ಪಟ್ಟಿಯನ್ನು ಎದುರಿಟ್ಟುಕೊಂಡು, ದುಭಾಷಿಗಳ ನೆರವಿನಿಂದ ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡದ್ದು ವಲಸಿಗರೇ, ಆಮೇಲೆ, ಕೆಲಸಕ್ಕಾಗಿ, ಸುಲಭದ ಉಚ್ಚಾರಕ್ಕಾಗಿ. 1906ರ ಕಾನೂನಿನ ನಂತರದ ಪೌರತ್ವ ಅರ್ಜಿಗಳಲ್ಲಿ ಹುಟ್ಟಿದ ಊರು, ಬಂದ ಹಡಗು, ತಾರೀಖು ಎಲ್ಲ ಇರುತ್ತವೆ. ಹಳೆಯ ಹೆಸರಿಗೆ ದಾರಿ ಅಲ್ಲಿಂದ.

ತಪ್ಪು ಕಲ್ಪನೆ 6: ಜನಗಣತಿಯಲ್ಲಿ ಬಿಳಿಯ ಎಂದು ಬರೆದಿದ್ದರೆ ಬಿಳಿಯ, ಕಪ್ಪು ಎಂದಿದ್ದರೆ ಕಪ್ಪು. ಯಹೂದಿಯಾಗಿದ್ದರೆ ಅದನ್ನೂ ಬರೆದಿರುತ್ತಿದ್ದರು.

ವಾಸ್ತವ: 1960ಕ್ಕೂ ಮೊದಲು ವರ್ಣವನ್ನು ತೀರ್ಮಾನಿಸುತ್ತಿದ್ದದ್ದು ಸಾಮಾನ್ಯವಾಗಿ ಬಾಗಿಲಿಗೆ ಬಂದ ಗಣತಿದಾರನ ಕಣ್ಣು. ಒಂದು ಗಣತಿಯಲ್ಲಿ ಮಿಶ್ರ ವರ್ಣ ಎಂದಿದ್ದವರು ಮುಂದಿನದರಲ್ಲಿ ಕಪ್ಪು, ಊರು ಬಿಟ್ಟು ಹೋದರೆ ಬಿಳಿಯರು ಎಂದು ದಾಖಲಾಗಿರಬಹುದು. 1930ರಲ್ಲಂತೂ ನಿಯಮವೇ ಬದಲಾಯಿತು: ಎಷ್ಟೇ ಕಡಿಮೆ ಕಪ್ಪು ರಕ್ತವಿದ್ದರೂ ಕಪ್ಪು ಎಂದೇ ಬರೆಯಬೇಕೆಂಬ ಸೂಚನೆ ಹೋಯಿತು. ಜನ ಅವರೇ, ಕಾಲಂ ಬೇರೆ.

ಇನ್ನು ಧರ್ಮ. ಅಮೆರಿಕದ ದಶವಾರ್ಷಿಕ ಜನಗಣತಿ ವ್ಯಕ್ತಿಯ ಧರ್ಮವನ್ನು ಕೇಳಿಯೇ ಇಲ್ಲ. ಆದರೆ 1910, 1920, 1930ರ ಗಣತಿಗಳು ವಲಸಿಗರ ಮಾತೃಭಾಷೆಯನ್ನು ಕೇಳಿದ್ದವು. ಜನ್ಮಸ್ಥಳ ರಷ್ಯಾ, ಭಾಷೆ ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಎಂದಿದ್ದರೆ ಬೇರೆ ಪುರಾವೆ ಬೇಡ.

ತಪ್ಪು ಕಲ್ಪನೆ 7: ಉಗುಳು ಕಳಿಸಿದರೆ ಸಾಕು, ಡಿಎನ್‌ಎ ಪರೀಕ್ಷೆ ಎಲ್ಲವನ್ನೂ ಹೇಳಿಬಿಡುತ್ತದೆ.

ವಾಸ್ತವ: ಪರೀಕ್ಷೆ ಕೊಡುವ ಶೇಕಡಾವಾರು ಒಂದು ಅಂದಾಜು. ಕಂಪನಿಯ ಬಳಿಯಿರುವ ಮಾದರಿಗಳಿಗೆ ಹೋಲಿಸಿ ಹೇಳಿದ್ದು ಅದು. ಆಫ್ರಿಕನ್ ಅಮೆರಿಕನ್ನರ ಡಿಎನ್‌ಎಯಲ್ಲಿ ಸರಾಸರಿ ಶೇ. 24ರಷ್ಟು ಯುರೋಪ್ ಮೂಲದ್ದು ಎಂದು 2015ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಅದರ ಬಹುಪಾಲು ಗುಲಾಮಗಿರಿಯ ಕಾಲದ್ದು, ಒಲ್ಲೆ ಎನ್ನುವ ಹಕ್ಕೇ ಇಲ್ಲದ ಹೆಂಗಸರ ಮೇಲಿನ ದೌರ್ಜನ್ಯದ ಗುರುತು. ಅದನ್ನು ಯಹೂದಿ ಎಂದು ಓದಬಾರದು.

ಅಷ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿ ಅಂಶವನ್ನು ಪರೀಕ್ಷೆಗಳು ಚೆನ್ನಾಗಿಯೇ ಗುರುತಿಸುತ್ತವೆ. ಮುತ್ತಾತ ಪೂರ್ತಿ ಅಷ್ಕೆನಾಜಿಯಾಗಿದ್ದರೆ ಸುಮಾರು ಎಂಟರಲ್ಲೊಂದು ಭಾಗ ಕಾಣಬೇಕು. ಶೇ. 1 ಎಂದು ಬಂದರೆ ಅದು ದೂರದ ಹಿರಿಯರದ್ದಿರಬಹುದು, ಲೆಕ್ಕದ ಏರುಪೇರೂ ಇರಬಹುದು. ತುಂಬ ಹಿಂದಿನ ಹಿರಿಯರೊಬ್ಬರ ಡಿಎನ್‌ಎ ನಮಗೆ ಒಂದಿಷ್ಟೂ ಬರದೆ ಹೋಗುವುದೂ ಸಹಜ. ಇನ್ನೊಂದು ಎಚ್ಚರಿಕೆ: ಇಂದಿನ ಅಷ್ಕೆನಾಜಿಗಳು 600–800 ವರ್ಷಗಳ ಹಿಂದೆ ಸುಮಾರು 350 ಜನರಷ್ಟಕ್ಕೆ ಕುಗ್ಗಿದ್ದ ಗುಂಪಿನಿಂದ ಬೆಳೆದವರು ಎಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿದೆ. ತಮ್ಮೊಳಗೇ ಮದುವೆಯಾಗುತ್ತ ಬಂದದ್ದರಿಂದ ಎಲ್ಲರೂ ಎಲ್ಲರಿಗೂ ದೂರದ ನೆಂಟರು. ಪರೀಕ್ಷೆ ಕೊಡುವ ನೆಂಟರ ಪಟ್ಟಿಯಲ್ಲಿ ಹತ್ತಿರದ ದಾಯಾದಿ ಎಂದು ಕಾಣುವವರು ಕಾಗದದಲ್ಲಿ ತುಂಬ ದೂರವಿರಬಹುದು. ಡಿಎನ್‌ಎ ಊಹೆಯನ್ನು ಪರೀಕ್ಷಿಸುತ್ತದೆ. ಹೆಸರು, ಊರುಗಳನ್ನು ಹೇಳುವುದಿಲ್ಲ.

ತಪ್ಪು ಕಲ್ಪನೆ 8: ಡಿಎನ್‌ಎಯಲ್ಲಿ ಯಹೂದಿ ಅಂಶ ಬಂದರೆ ಯಹೂದಿಯೇ. ಕಪ್ಪು ಯಹೂದಿಗಳೆಲ್ಲ ಮಿಶ್ರ ವಿವಾಹದ ಸಂತತಿ.

ವಾಸ್ತವ: ಎರಡೂ ತಪ್ಪು. ಸಾಂಪ್ರದಾಯಿಕ ಯಹೂದಿ ನಿಯಮದಲ್ಲಿ ತಾಯಿ ಯಹೂದಿಯಾಗಿರಬೇಕು, ಇಲ್ಲವೇ ವಿಧಿವತ್ತಾಗಿ ಧರ್ಮಕ್ಕೆ ಸೇರಬೇಕು. ಅಮೆರಿಕದ ರಿಫಾರ್ಮ್ ಪಂಥ 1983ರಲ್ಲಿ, ಯಹೂದಿಯಾಗಿ ಬೆಳೆದ ಮಕ್ಕಳ ಮಟ್ಟಿಗೆ, ತಂದೆಯ ಕಡೆಯನ್ನೂ ಒಪ್ಪಿತು. ಶೇಕಡಾವಾರಿಗೆ ಯಾರೂ ಜಾಗ ಕೊಟ್ಟಿಲ್ಲ. ಮುತ್ತಾತ ಯಹೂದಿಯಾಗಿದ್ದರೂ ಜೂಲಿಯಸ್ ಲೆಸ್ಟರ್ 1982ರಲ್ಲಿ ವಿಧಿವತ್ತಾಗಿ ಮತಾಂತರಗೊಂಡೇ ಯಹೂದಿಯಾದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1919ರಲ್ಲಿ ಹುಟ್ಟಿದ ಕಮಾಂಡ್‌ಮೆಂಟ್ ಕೀಪರ್ಸ್‌ನಂಥ ಕಪ್ಪು ಯಹೂದಿ ಸಭೆಗಳಂತೂ ಯುರೋಪಿನ ಮುತ್ತಾತನ ಮೇಲೆ ನಿಂತವಲ್ಲ. ವಂಶ ಒಂದು ಪ್ರಶ್ನೆ, ಧರ್ಮ ಇನ್ನೊಂದು.

ತಪ್ಪು ಕಲ್ಪನೆ 9: ಅಮೆರಿಕದ ಗುಲಾಮರ ವ್ಯಾಪಾರ ಯಹೂದಿಗಳ ಕೈಯಲ್ಲಿತ್ತು, ಹಾಗಾಗಿ ಇಂಥ ಬೆರಕೆ ವಂಶಗಳೆಲ್ಲ ಅಲ್ಲಿಂದಲೇ ಬಂದವು.

ವಾಸ್ತವ: 1991ರ ಒಂದು ಪ್ರಚಾರ ಪುಸ್ತಕ ಈ ಮಾತನ್ನು ಊರೆಲ್ಲ ಹರಡಿತು. ಇತಿಹಾಸಕಾರರು ಕಡತಗಳನ್ನು ಬಿಡಿಸಿ ನೋಡಿದರು. 1995ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಈ ಆರೋಪವನ್ನು ಖಂಡಿಸಿತು. ಇಡೀ ವ್ಯಾಪಾರದಲ್ಲಿ ಯಹೂದಿಗಳ ಪಾಲು ತೀರ ಸಣ್ಣದು. ಹಾಗೆಂದು ಪಾಲೇ ಇರಲಿಲ್ಲ ಎಂದರೆ ಅದೂ ಸುಳ್ಳು. ನ್ಯೂಪೋರ್ಟ್‌ನ ವರ್ತಕ ಆರನ್ ಲೋಪೆಜ್ ಗುಲಾಮರ ಹಡಗು ಕಳಿಸಿದ್ದ. ಲೂಸಿಯಾನಾದ ರಾಜಕಾರಣಿ ಜೂಡಾ ಬೆಂಜಮಿನ್ ಗುಲಾಮರು ದುಡಿಯುವ ಕಬ್ಬಿನ ತೋಟದ ಒಡೆಯನಾಗಿದ್ದ. ದಕ್ಷಿಣದ ಯಹೂದಿಗಳು ತಮ್ಮ ಬಿಳಿಯ ನೆರೆಹೊರೆಯವರು ಮಾಡಿದ್ದನ್ನೇ ಮಾಡಿದರು. ಒಂದು ಕುಟುಂಬದ ಸತ್ಯ ಆ ಕುಟುಂಬದ ಕಾಗದದಲ್ಲಿರುತ್ತದೆ, ಜನಾಂಗದ ಮೇಲಿನ ಆರೋಪದಲ್ಲಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ದಾರಿ ಸರಳವೇ ಆಗಿದೆ. ಮೊದಲು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಇಂದಿನಿಂದ ಹಿಂದಕ್ಕೆ, ಒಂದು ತಲೆಮಾರು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಬೇಕು. ತಾಯಿಯ ಕಡೆಯನ್ನೂ ತಂದೆಯ ಕಡೆಯನ್ನೂ ಬೇರೆ ಬೇರೆಯಾಗಿ ಹುಡುಕಬೇಕು, ಏಕೆಂದರೆ ಒಂದು ಕಡೆಯ ಕಾಗದ ಅರ್ಕನ್ಸಾಸ್‌ನ ಜಿಲ್ಲಾ ಕಚೇರಿಯಲ್ಲಿದ್ದರೆ ಇನ್ನೊಂದು ವಾರ್ಸಾದ ಪತ್ರಾಗಾರದಲ್ಲಿರುತ್ತದೆ. ಡಿಎನ್‌ಎ ಪರೀಕ್ಷೆ ಆಮೇಲೂ ಮಾಡಿಸಬಹುದು. ಹಿರಿಯರು ಕಾಯುವುದಿಲ್ಲ, ಅವರನ್ನು ಈಗಲೇ ಕೇಳಿ.