ಬೆಲ್ಲವಿಲ್ಲದ ಶಾವಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುತ್ತೆಲ್ಲ ಕಬ್ಬಿನ ಸೀಮೆ. ಶಾವಿಗೆ ಬಸಿದರೆ ಬೆಲ್ಲ, ಹಾಲು, ತುಪ್ಪ ಬೀಳಲೇಬೇಕೆಂಬುದು ಇಲ್ಲಿಯ ರೂಢಿ. ಆದರೆ ಮನೆಯ ಹೆಣ್ಣುಮಗಳಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತ, ಮೋರೆಯ ಮೇಲೆ ಮೊಡವೆಯೂ ಒರಟು ಕೂದಲೂ ಕಾಣಿಸಿಕೊಂಡಾಗ, ‘ಮದುವೆಯಾದರೆ ಸರಿಹೋದೀತು’ ಎಂದು ಹಿರಿಯರು ಸುಮ್ಮನಿರುವುದು ನಮಗೆ ಸರಿದೋರದು. ಶಿಕಾಗೋ ನಗರದ ವೈದ್ಯರಾದ ಸ್ಟೈನ್, ಲೆವೆಂಥಾಲ್ ಎಂಬವರು 1935ರಲ್ಲಿಯೇ ವರ್ಣಿಸಿದ ಈ ವ್ಯಾಧಿಗೆ ಇಂದು ಪಿ.ಸಿ.ಓ.ಎಸ್. ಎನ್ನುವರು. ಅನೇಕರಲ್ಲಿ ಇನ್ಸುಲಿನ್ನಿಗೆ ದೇಹವು ಸರಿಯಾಗಿ ಓಗೊಡದೆ ಅದರ ಸ್ರಾವವು ಹೆಚ್ಚುತ್ತದೆ. ಅದರಿಂದ ಅಂಡಾಶಯದಲ್ಲಿ ಪುರುಷ ಹಾರ್ಮೋನುಗಳೂ ಹೆಚ್ಚುತ್ತವೆ. ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುವ ಊಟವು ಇಲ್ಲಿ ಹಿತಕರ. ಆದರೂ ಪಥ್ಯವು ವೈದ್ಯರ ಚಿಕಿತ್ಸೆಗೆ ಬೆಂಬಲವೇ ಹೊರತು ಬದಲಿಯಲ್ಲ.

ನಮ್ಮ ಖಪಲಿ, ಅಂದರೆ ಜವೆಗೋದಿಯೂ, ಇಟಲಿಯವರ ಫಾರ್ರೋ ಎಂಬುದೂ ಒಂದೇ ಜಾತಿಯವು. ಅಲ್ಲಿ ಅದರ ಪಾಸ್ತಾ ಮಾಡುವರು. ಪಾಸ್ತಾ ಬೇಕೆಂಬ ಮಗಳಿಗೆ ಮೈದೆಯ ಪೊಟ್ಟಣವೇಕೆ? ಜರಡಿ ಹಿಡಿಯದ ಖಪಲಿ ಹಿಟ್ಟಿನ ಶಾವಿಗೆಯೇ ಸಾಕು.

ನಾಲ್ವರಿಗೆ 200 ಗ್ರಾಂ ಶಾವಿಗೆಯನ್ನು ಕುದಿಯುವ ಉಪ್ಪುನೀರಿಗೆ ಹಾಕಿ, ತುಸು ಗಟ್ಟಿಯಿರುವಾಗಲೇ ಬಸಿಯಬೇಕು. ಮುದ್ದೆಯಾದರೆ ರುಚಿಯೂ ಕೆಟ್ಟಿತು, ಸಕ್ಕರೆಯೂ ಬೇಗ ಏರೀತು. ಎರಡು ಚಮಚೆ ಶೇಂಗಾ ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹುರಿದು, ಗಜ್ಜರಿ, ಬೀನ್ಸು, ಹೂಕೋಸು ಕೂಡಿ 400 ಗ್ರಾಂ, ಮೊಳಕೆಯ ಹೆಸರುಕಾಳು ಒಂದು ಬಟ್ಟಲು ಹಾಕಿ ಮುಚ್ಚಿ ಬೇಯಿಸಿರಿ. ಬಳಿಕ ಹಿಡಿ ಮೆಂತ್ಯದ ಸೊಪ್ಪು, ಶಾವಿಗೆ, ಶೇಂಗಾಪುಡಿ, ನಿಂಬೆಯ ರಸ ಕಲಸಿದರಾಯಿತು.

ಇದನ್ನು ಮನೆಮಂದಿಯೆಲ್ಲ ಉಣ್ಣಬೇಕು. ಮಗಳೊಬ್ಬಳ ತಟ್ಟೆಯೇ ಬೇರೆಯಾದರೆ ನಾಲ್ಕು ದಿನದಲ್ಲಿ ಅವಳು ಅದನ್ನು ಸರಿಸಿಬಿಡುವಳು.