ಗಾಜಿನ ತೊಟ್ಟಿಯ ಅಡಿಯಲ್ಲಿ ಶಾಖ: ಉರಗ ಸಾಕಣೆಯಲ್ಲೊಂದು ಭೌತವಿಜ್ಞಾನದ ಪಾಠ

ಎಳೆಬಿಸಿಲಿನಲ್ಲಿ ಬಂಡೆಯ ಮೇಲೆ ಮೈಚಾಚಿದ ಓತಿಕೇತವನ್ನು ನೀವು ನೋಡಿರುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಅದು ನೆರಳಿಗೆ ಸರಿಯುತ್ತದೆ, ಮತ್ತೆ ಬಿಸಿಲಿಗೆ ಬರುತ್ತದೆ. ನಮ್ಮ ಹಾಗೆ ಆಹಾರದಿಂದಲೇ ಸಾಕಷ್ಟು ಶಾಖ ಉತ್ಪಾದಿಸಿ ಮೈಯನ್ನು ಒಂದೇ ತಾಪದಲ್ಲಿ ಇಟ್ಟುಕೊಳ್ಳುವುದು ಉರಗಗಳಿಗೆ ಸಾಧ್ಯವಿಲ್ಲ. ಬಿಸಿಲು ನೆರಳುಗಳ ನಡುವೆ ಓಡಾಡಿಯೇ ಅವು ಮೈತಾಪವನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ. ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ 1944ರಲ್ಲಿ ಮರುಭೂಮಿಯ ಉರಗಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ವಿಷಯವನ್ನು ಸ್ಪಷ್ಟಪಡಿಸಿತು. ಮೈ ತಣ್ಣಗಿದ್ದರೆ ಹಾವಿಗೆ ನುಂಗಿದ ಆಹಾರವೂ ಸರಿಯಾಗಿ ಜೀರ್ಣವಾಗದು.

ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಲೆಪರ್ಡ್ ಗೆಕೊ ಎಂಬ ಚುಕ್ಕೆ ಹಲ್ಲಿಯನ್ನೂ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನೂ ಮನೆಯಲ್ಲಿ ಸಾಕುವುದುಂಟು. (ನಮ್ಮಲ್ಲಿ ನಕ್ಷತ್ರ ಆಮೆ, ಹೆಬ್ಬಾವುಗಳಂಥ ದೇಶೀಯ ಉರಗಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.) ಗಾಜಿನ ತೊಟ್ಟಿಯಲ್ಲಿ ಸೂರ್ಯನಿಲ್ಲ. ಆದ್ದರಿಂದ ತೊಟ್ಟಿಯ ತಳಕ್ಕೆ ಹೊರಗಿನಿಂದ ಹೀಟ್ ಮ್ಯಾಟ್ ಎಂಬ ತೆಳುವಾದ ವಿದ್ಯುತ್ ಹಾಳೆಯನ್ನು ಅಂಟಿಸುತ್ತಾರೆ. ಸಾಮಾನ್ಯವಾಗಿ ಅದರ ಸಾಮರ್ಥ್ಯ ಕೆಲವೇ ವ್ಯಾಟ್. ಒಂದು ಸಣ್ಣ ಬಲ್ಬಿಗಿಂತ ಹೆಚ್ಚಿಲ್ಲದ ಈ ಹಾಳೆಯಿಂದ ಪ್ರಾಣಿಯ ಹೊಟ್ಟೆ ಸುಡುವುದು, ಗಾಜು ಬಿರಿಯುವುದು, ಕೆಲವೊಮ್ಮೆ ಬೆಂಕಿ ಹೊತ್ತುವುದು ಹೇಗೆ?

ವ್ಯಾಟ್ ಬೇರೆ, ತಾಪ ಬೇರೆ

ಮ್ಯಾಟಿನ ಮೇಲೆ ಬರೆದಿರುವುದು ವ್ಯಾಟ್, ಅಂದರೆ ಅದು ಪ್ರತಿ ಸೆಕೆಂಡಿಗೆ ಕೊಡುವ ಶಾಖ. ಅದು ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆ ಶಾಖ ಎಷ್ಟು ಸುಲಭವಾಗಿ ಹೊರಹೋಗುತ್ತದೆ ಎಂಬ ಅಂಶ. ಹುಟ್ಟುವ ಶಾಖವೂ ಹೊರಹೋಗುವ ಶಾಖವೂ ಸಮವಾಗುವ ತನಕ ತಾಪ ಏರುತ್ತಲೇ ಇರುತ್ತದೆ.

ಒಂದು ಲೆಕ್ಕ ಮಾಡೋಣ. 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ 8 ವ್ಯಾಟ್ ಮ್ಯಾಟ್ ಇದೆ ಎನ್ನಿ. ಅದರ ವಿಸ್ತೀರ್ಣ 0.04 ಚದರ ಮೀಟರ್. ಅಂದರೆ ಚದರ ಮೀಟರಿಗೆ 200 ವ್ಯಾಟ್. ಶಾಖವೆಲ್ಲ ಮೇಲಕ್ಕೇ ಹರಿಯುತ್ತದೆ ಎಂದು ಭಾವಿಸಿ. ಪದರದ ಎರಡು ಮೈಗಳ ತಾಪವ್ಯತ್ಯಾಸ ಬೇಕಾದರೆ 200ನ್ನು ಪದರದ ದಪ್ಪದಿಂದ ಗುಣಿಸಿ ಉಷ್ಣವಾಹಕತೆಯಿಂದ ಭಾಗಿಸಬೇಕು. ಗಾಜಿನ ಉಷ್ಣವಾಹಕತೆ ಸುಮಾರು 1, ಒಣ ಮರಳಿನದು ಸುಮಾರು 0.25 (ಮೀಟರಿಗೆ, ಡಿಗ್ರಿಗೆ ವ್ಯಾಟ್). 5 ಮಿ.ಮೀ. ಗಾಜಿಗೆ ಬರುವ ವ್ಯತ್ಯಾಸ ಕೇವಲ 1 ಡಿಗ್ರಿ. 5 ಸೆಂ.ಮೀ. ಮರಳಿಗಾದರೆ 40 ಡಿಗ್ರಿ!

ನಿಜವಾಗಿ ಸ್ವಲ್ಪ ಶಾಖ ಕೆಳಕ್ಕೂ ಪಕ್ಕಕ್ಕೂ ಹೋಗುವುದರಿಂದ ವ್ಯತ್ಯಾಸ ಇಷ್ಟಾಗದು. ಆದರೂ ಅಪಾಯ ಎಲ್ಲಿದೆಯೆಂದು ಈ ಲೆಕ್ಕ ತೋರಿಸುತ್ತದೆ. ಮರಳು ದಪ್ಪವಾದಷ್ಟೂ ಮೇಲ್ಮೈ ತಣ್ಣಗೇ ಉಳಿದು ತಳದ ಗಾಜು ಕಾಯುತ್ತದೆ. ಮೇಲ್ಮೈ ಮುಟ್ಟಿ ನೋಡಿದವರಿಗೆ ಬಿಸಿ ಸಾಲದು ಎನಿಸುತ್ತದೆ. ಮರಳನ್ನು ತೋಡಿ ಕೆಳಗಿಳಿದ ಪ್ರಾಣಿಗೆ ಮಾತ್ರ ನಿಜ ತಿಳಿಯುತ್ತದೆ.

ಕೈಯನ್ನು ನಂಬಬೇಡಿ

ಲೆಪರ್ಡ್ ಗೆಕೊ ಮಲಗುವ ಬೆಚ್ಚನೆಯ ನೆಲ ಸುಮಾರು 30ರಿಂದ 32°ಸೆ. ಇದ್ದರೆ ಸಾಕು. ನಮ್ಮ ಅಂಗೈಯ ಚರ್ಮವೂ ಹೆಚ್ಚುಕಡಿಮೆ ಇದೇ ತಾಪದಲ್ಲಿರುತ್ತದೆ. ಹಾಗಾಗಿ ಸರಿಯಾದ ಬಿಸಿಯಿರುವ ನೆಲ ಕೈಗೆ ಬಿಸಿಯೆನಿಸುವುದೇ ಇಲ್ಲ. ಮ್ಯಾಟ್ ಕೆಟ್ಟಿದೆ ಎಂದುಕೊಂಡು ಶಾಖ ಹೆಚ್ಚಿಸುವವರು ಇಲ್ಲೇ ಎಡವುತ್ತಾರೆ. ಕೈಗೆ ಹಿತವಾಗಿ ಬಿಸಿಯೆನಿಸುವ ನೆಲ ಹಲ್ಲಿಗೆ ಆಗಲೇ ಅತಿಯಾಗಿರಬಹುದು.

ಸುಡಲು ಕೆಂಡವೇ ಬೇಕಿಲ್ಲ. ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳಂತೆ, ಮನುಷ್ಯನ ಚರ್ಮ 44°ಸೆ. ತಾಪದಲ್ಲಿ ಸುಮಾರು 6 ಗಂಟೆ ಇದ್ದರೆ ಸುಡುತ್ತದೆ, 60°ಸೆ.ನಲ್ಲಿ ಕೆಲವು ಸೆಕೆಂಡು ಸಾಕು. ತೊಟ್ಟಿಯ ಗಾಳಿ ತಣ್ಣಗಿದ್ದರೆ ಪ್ರಾಣಿ ಬೆಚ್ಚನೆಯ ಒಂದೇ ಜಾಗವನ್ನು ಬಿಟ್ಟು ಕದಲದೆ ಗಂಟೆಗಟ್ಟಲೆ ಮಲಗುತ್ತದೆ. ಹೊಟ್ಟೆಯಡಿಯ ಸುಟ್ಟಗಾಯ ಪಶುವೈದ್ಯರಿಗೆ ಹೊಸದಲ್ಲ.

ಸುರಕ್ಷಿತ ಬಳಕೆ

ಮ್ಯಾಟಿಗೆ ಥರ್ಮೋಸ್ಟಾಟ್ ಇರಲೇಬೇಕು. ಗೊತ್ತುಪಡಿಸಿದ ತಾಪ ಬಂದಾಗ ವಿದ್ಯುತ್ತನ್ನು ಕಡಿಯುವ, ಇಳಿದಾಗ ಮತ್ತೆ ಹರಿಸುವ ಸಾಧನ ಅದು. ಟೈಮರ್ ಈ ಕೆಲಸ ಮಾಡದು. ಅದು ನೋಡುವುದು ಗಂಟೆಯನ್ನು, ತಾಪವನ್ನಲ್ಲ.

ಥರ್ಮೋಸ್ಟಾಟಿಗೆ ತಿಳಿಯುವುದು ಅದರ ಸಂವೇದಕ ಇರುವ ಜಾಗದ ತಾಪ ಮಾತ್ರ. ಸಂವೇದಕವನ್ನು ಮ್ಯಾಟ್ ಮತ್ತು ಗಾಜಿನ ನಡುವೆ ಭದ್ರವಾಗಿ ಕೂರಿಸಿ. ಅದು ಕಳಚಿ ತಣ್ಣನೆಯ ಕಡೆ ಬಿದ್ದರೆ ಅಥವಾ ನೀರು ತಾಗಿ ತಣಿದರೆ, ಇನ್ನೂ ಬಿಸಿಯಾಗಿಲ್ಲ ಎಂದೇ ತಿಳಿದು ವಿದ್ಯುತ್ ಹರಿಸುತ್ತಲೇ ಇರುತ್ತದೆ. ಆದ್ದರಿಂದ ಪ್ರಾಣಿ ಮಲಗುವ ನೆಲದ ಮೇಲೆ ಇನ್ನೊಂದು ತಾಪಮಾಪಕವೂ ಬೇಕು. ತೊಟ್ಟಿಯ ಗೋಡೆಗೆ ಅಂಟಿಸಿದ ಮಾಪಕದಿಂದ ನೆಲದ ತಾಪ ತಿಳಿಯದು.

ಮ್ಯಾಟ್ ನೆಲದ ಮೂರನೇ ಒಂದು ಭಾಗವನ್ನಷ್ಟೇ, ಒಂದು ತುದಿಯಲ್ಲಿ ಆವರಿಸಲಿ. ಇನ್ನೊಂದು ತುದಿ 24ರಿಂದ 26°ಸೆ. ಇದ್ದರೆ ಓತಿಕೇತಕ್ಕೆ ಬಂಡೆ ನೆರಳುಗಳಿದ್ದಂತೆ ಹಲ್ಲಿಗೂ ಆಯ್ಕೆ ಉಳಿಯುತ್ತದೆ. ಮ್ಯಾಟಿನ ಮೇಲಿನ ಮರಳು ಅಥವಾ ಹಾಸು ತೆಳುವಾಗಿರಲಿ. ತೊಟ್ಟಿಗೆ ಸಣ್ಣ ಕಾಲುಗಳನ್ನು ಕೊಟ್ಟು ಅಡಿಯಲ್ಲಿ ಗಾಳಿಯಾಡಲು ಬಿಡಿ. ಮ್ಯಾಟಿನ ಕೆಳಗೆ ಥರ್ಮೋಕೋಲ್ ಅಥವಾ ಬಟ್ಟೆ ಇಟ್ಟರೆ ಶಾಖಕ್ಕೆ ದಾರಿ ಮುಚ್ಚುತ್ತದೆ. ಮ್ಯಾಟನ್ನು ಮಡಚಬಾರದು, ಕತ್ತರಿಸಬಾರದು. ಹೊಸ ತೊಟ್ಟಿಯಾದರೆ ಪ್ರಾಣಿಯನ್ನು ಬಿಡುವ ಮೊದಲು ಒಂದು ದಿನವಾದರೂ ನಡೆಸಿ ತಾಪಗಳನ್ನು ಬರೆದಿಡಿ.

ಮ್ಯಾಟ್ ಗಾಳಿಯನ್ನು ಹೆಚ್ಚು ಬಿಸಿಮಾಡದು. ಹಗಲು ಬಿಸಿಲು ಕಾಯುವ ಬಿಯರ್ಡೆಡ್ ಡ್ರ್ಯಾಗನ್‌ನಂಥ ಹಲ್ಲಿಗಳಿಗೆ ಮೇಲಿನಿಂದ ಶಾಖ ಕೊಡುವ ದೀಪವೂ ಅತಿನೇರಳೆ ಕಿರಣವೂ ಬೇಕು.

ಮಾಡಿ ನೋಡಿ

ತರಗತಿಯಲ್ಲಿ ಇದನ್ನು ತೋರಿಸಲು ಪ್ರಾಣಿಯೂ ಬೇಡ, ವಿದ್ಯುತ್ತೂ ಬೇಡ. ಒಂದೇ ಅಳತೆಯ ಎರಡು ಬೀಕರುಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ 1 ಸೆಂ.ಮೀ., ಇನ್ನೊಂದರಲ್ಲಿ 4 ಸೆಂ.ಮೀ. ಒಣ ಮರಳು ತುಂಬಿ. ಅಗಲವಾದ ತಟ್ಟೆಯಲ್ಲಿ ಸುಮಾರು 50°ಸೆ. ಬಿಸಿನೀರನ್ನು ತಳ ಮುಳುಗುವಷ್ಟು ಹಾಕಿ ಎರಡನ್ನೂ ಅದರಲ್ಲಿಡಿ. ಮರಳಿನ ಮೇಲ್ಮೈ ತಾಪವನ್ನೂ ತಳದ ತಾಪವನ್ನೂ 5 ನಿಮಿಷಕ್ಕೊಮ್ಮೆ ಅಳೆದು ನಕ್ಷೆ ಬರೆಯಿರಿ. ಆಮೇಲೆ ವಿದ್ಯಾರ್ಥಿಗಳನ್ನು ಕೇಳಿ: ಬೀಕರಿನ ಮರಳಿನೊಳಗೆ ಒಂದು ಹಲ್ಲಿ ಬಿಲ ತೋಡಿದ್ದರೆ, ನೀವು ಯಾವ ತಾಪಮಾಪಕವನ್ನು ನೋಡುತ್ತಿದ್ದಿರಿ?